ಬಾಗಿಲ ಪಕ್ಕದ ಕಾಯೋ ಡಾಕ್ಟ್ರು

ಬೆಳಕು ಇನ್ನೂ ಕಿಟಕಿಯ ಗಾಜಿಗೆ ತಾಕಿದೆ ಅಷ್ಟೆ, ವಾರ್ಡಿನ ಒಳಕ್ಕೆ ಇಳಿದಿಲ್ಲ. ಉದ್ದನೆಯ ಕೋಣೆ. ಎರಡೂ ಗೋಡೆಗಳಿಗೆ ಒತ್ತಿಕೊಂಡು ಕಂಬಿ ಹಾಕಿದ ಪುಟ್ಟ ಮಂಚಗಳು. ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ದಾರಿ. ಕುರ್ಚಿಗಳಲ್ಲಿ ತಾಯಂದಿರು ಕುತ್ತಿಗೆ ವಾಲಿಸಿಕೊಂಡು ತೂಕಡಿಸುತ್ತಿದ್ದಾರೆ. ಆ ಹೊತ್ತಿಗೆ ಯಾವುದೋ ಮಂಚದಿಂದ ಒಂದು ಅಳು ಏಳುತ್ತದೆ. ಒಂದು ಎದ್ದರೆ ಮುಗಿಯಿತು; ಪಕ್ಕದ್ದು ದನಿಗೂಡಿಸುತ್ತದೆ, ಎದುರಿನದು ತಾನೇನು ಕಡಿಮೆ ಎಂದು ಇನ್ನೂ ಮೇಲಿನ ಸ್ಥಾಯಿಗೆ ಹೋಗುತ್ತದೆ. ನೋಡನೋಡುತ್ತಲೇ ಕೋಣೆಯೆಲ್ಲ ಅಳು.

ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ನಲವತ್ತು ದಾಟಿದ ವಯಸ್ಸು, ಕಿವಿಯ ಪಕ್ಕ ಬಿಳಿಗೂದಲು, ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿದ್ದಾರೆ. ಸ್ಟೆತಸ್ಕೋಪು ಕುತ್ತಿಗೆಯಲ್ಲಿ ನೇತಾಡುತ್ತಿಲ್ಲ. ಅದರ ಬಿಲ್ಲೆಯನ್ನು ಬಲಗೈ ಮುಷ್ಟಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದಾರೆ. ಬಾಗಿಲಲ್ಲೇ ಒಂದು ಗಳಿಗೆ ನಿಂತು ಎರಡೂ ಸಾಲಿನ ಮೇಲೆ ಕಣ್ಣಾಡಿಸುತ್ತಾರೆ.

"ಡಾಕ್ಟ್ರೇ, ಇವನು ಆಗಿನಿಂದ ಕಿರುಚ್ತಾನೇ ಇದಾನೆ. ಮೊದಲು ಇವನನ್ನ ನೋಡಿ ಅಮ್ಮಾ" ಎಂದು ಹತ್ತಿರದ ತಾಯಿ ಕೋಟು ಹಿಡಿಯುತ್ತಾಳೆ.

"ಕಿರುಚ್ಲಿ ತಾಯಿ, ಒಳ್ಳೆ ಗಂಟಲಿದೆ. ಇಷ್ಟು ಜೋರಾಗಿ ನನ್ನನ್ನ ಬೈಯೋಕೆ ಶಕ್ತಿ ಇದೆ ಅಂದ್ರೆ ಅರ್ಧ ಗೆದ್ದ ಹಾಗೆ. ಈಗ ಬಂದೆ" ಎನ್ನುತ್ತಾ ಡಾಕ್ಟರು ಅಳುವ ಮಕ್ಕಳನ್ನೆಲ್ಲ ದಾಟಿ ಕೋಣೆಯ ಕೊನೆಗೆ ನಡೆಯುತ್ತಾರೆ.

ಅಲ್ಲಿ ಮೂಲೆಯ ಮಂಚದಲ್ಲಿ ಒಂದು ಮಗು ಸುಮ್ಮನೆ ಮಲಗಿದೆ. ಡಾಕ್ಟರು ಮುಟ್ಟುವುದಿಲ್ಲ. ಹೊದಿಕೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಸರಿಸಿ, ಎದೆ ಏರಿಳಿಯುವುದನ್ನು ನೋಡುತ್ತಾರೆ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ತುಟಿಯ ಬಣ್ಣ ಹೇಗಿದೆ? ಹಿಂದೆ ಅಳು ಮುಗಿಲು ಮುಟ್ಟಿದ್ದರೂ ಕಿವಿಗೆ ಬಿದ್ದಿಲ್ಲವೇನೋ ಎಂಬಂತೆ ಬಾಗಿ ನಿಂತಿರುತ್ತಾರೆ. ಆಮೇಲೆ ಅಂಗಾಲಿಗೆ ಒಂದು ಬೆರಳು ತಾಗಿಸುತ್ತಾರೆ. ಮಗು ಕಾಲೆಳೆದುಕೊಂಡು, ಮುಖ ಸಿಂಡರಿಸಿ, ಮಗ್ಗುಲಾಗುತ್ತದೆ.

"ನಿದ್ದೆನೇ" ಎಂದು ತಮಗೆ ತಾವೇ ಹೇಳಿಕೊಂಡು, ಹೊದಿಕೆ ಮುಚ್ಚಿ, ಈಗ ಅಳುವವರ ಕಡೆ ತಿರುಗುತ್ತಾರೆ. "ಬನ್ನಿ ಮಹಾರಾಜರೇ, ಯಾರು ಮೊದಲು ನನಗೆ ಒದೀತೀರಿ?"

ಆಸ್ಪತ್ರೆಯಲ್ಲಿ ಇವರಿಗೆ ಇರುವ ಹೆಸರು ಕಾಯೋ ಡಾಕ್ಟ್ರು. ಹೆಸರಿಟ್ಟವರು ಜೊತೆಯಲ್ಲಿ ತರಬೇತಿಗೆ ಬಂದ ಕಿರಿಯರು, ಅದೂ ಗೇಲಿಗೆ. ಮಗು ಅಳುತ್ತಿದ್ದರೆ ಇವರು ಅದರ ಎದುರು ನೆಲದ ಮೇಲೆ ಕೂತುಬಿಡುತ್ತಿದ್ದರು. ಸ್ಟೆತಸ್ಕೋಪಿನ ಒಂದು ತುದಿಯನ್ನು ಅದರ ಕೈಗೆ ಕೊಟ್ಟು, ಅಳು ನಿಲ್ಲುವವರೆಗೆ ಕಾಯುತ್ತಿದ್ದರು. ಸಾಲು ಬೆಳೆದು ಮೆಟ್ಟಿಲವರೆಗೆ ಹೋಗುತ್ತಿತ್ತು. "ಕಾಯೋ ಡಾಕ್ಟ್ರ ರೂಮಾ? ಹಾಗಾದ್ರೆ ಬುತ್ತಿ ಕಟ್ಕೊಂಡು ಹೋಗಿ" ಎಂದು ಹುಡುಗರು ನಗುತ್ತಿದ್ದರು.

ಆದರೆ ಮಾತು ಬಾಯಿಂದ ಬಾಯಿಗೆ ಹೋಗುವಾಗ ಹೋದ ಹಾಗೆಯೇ ಉಳಿಯುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತ ಒಬ್ಬ ಅಜ್ಜಿ ಈ ಹೆಸರನ್ನು ಬೇರೆ ಥರ ಕೇಳಿಸಿಕೊಂಡಿದ್ದಾರೆ. "ಕಾಯೋರು ಅಂದ್ರೆ ಕಾಪಾಡೋರು ಅಲ್ವೇನಪ್ಪ? ಮತ್ತೇನು ಅರ್ಥ ಅದಕ್ಕೆ? ಮೇಲೆ ಕಾಯೋನು ಒಬ್ಬ ಇದಾನೆ, ಸರಿ. ಅವನು ಎಲ್ಲ ಕಡೆ ನೋಡ್ಬೇಕು ಪಾಪ. ಇಲ್ಲಿ ಇವಳು ನೋಡ್ಕೊಳ್ತಾಳೆ." ಗೇಲಿ ಮಾಡಿದ ಹುಡುಗರು ತರಬೇತಿ ಮುಗಿಸಿ ಬೇರೆ ಬೇರೆ ಕಡೆ ಹೋಗಿದ್ದಾರೆ. ಹೆಸರು ಮಾತ್ರ ಅಜ್ಜಿಯ ಅರ್ಥದಲ್ಲಿ ಇಲ್ಲಿಯೇ ಉಳಿದಿದೆ.

ಇವರು ಉಳಿದಿರುವುದಕ್ಕೆ ಕಾರಣ ಬೇರೆ. ಮಕ್ಕಳ ತಜ್ಞೆ ಎನಿಸಿಕೊಳ್ಳಲು ಬರೆದು ಮುಗಿಸುವ ಪರೀಕ್ಷೆಯಲ್ಲಿ ಇವರು ಮೊದಲ ಸಲಕ್ಕೇ ಗೆದ್ದಿದ್ದಾರೆ. ಆದರೆ ಪರೀಕ್ಷಕರ ಎದುರು, ಅರ್ಧ ಗಂಟೆಯೊಳಗೆ, ಗುರುತಿಲ್ಲದ ಒಂದು ಮಗುವನ್ನು ನೋಡಿ ಅದಕ್ಕೇನಾಗಿದೆ ಎಂದು ಹೇಳಬೇಕಾದ ಪರೀಕ್ಷೆಯಲ್ಲಿ ಎರಡು ಸಲ ಸೋತಿದ್ದಾರೆ. ಇರುವುದು ಮೂರೇ ಅವಕಾಶ. ಮೂರನೆಯದೂ ಹೋದರೆ ಡಾಕ್ಟರಾಗಿ ಬೇರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಈ ವಾರ್ಡಿನಲ್ಲಿ ಮಾತ್ರ ಆಗುವುದಿಲ್ಲ. ಇಲ್ಲಿರುವುದು ತಜ್ಞರ ಹುದ್ದೆ. ಬರುವ ವಾರವೇ ಮೂರನೆಯ ಪರೀಕ್ಷೆ.

"ಭಯ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ" ಎನ್ನುತ್ತಾರೆ ಡಾಕ್ಟರು, ಮಗುವೊಂದರ ಡ್ರಿಪ್ಪಿನ ತಿರುಪನ್ನು ಸರಿಮಾಡುತ್ತಾ. "ಆದ್ರೆ ಭಯ ಇದೆ ಅಂತ ಕೆಲಸ ನಿಲ್ಲಲ್ವಲ್ಲ. ಇವನಿಗೆ ನಾನು ಪಾಸೋ ಫೇಲೋ ಗೊತ್ತಿಲ್ಲ. ಇವನಿಗೆ ಬೇಕಾಗಿರೋದು ಇವತ್ತು ಜ್ವರ ಇಳಿಯೋದು."

ಇವರು ಚಿಕ್ಕಂದಿನಿಂದ ಡಾಕ್ಟರಾಗಬೇಕೆಂದು ಹಟ ಹಿಡಿದವರಲ್ಲ. ಮದುವೆಯಾಗಿ ಬಂದದ್ದು ಒಬ್ಬ ಬಸ್ಸಿನ ಚಾಲಕನ ಮನೆಗೆ. ಅತ್ತೆಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಆ ಬೀದಿಗೆಲ್ಲ ಎತ್ತಿದ ಕೈ. ಸೊಸೆ ಬಂದ ಮೇಲೆ ಅಳತೆ ತೆಗೆಯುವ ಕೆಲಸ ಅವಳಿಗೆ ಬಿತ್ತು. ಮಕ್ಕಳ ಅಳತೆ ತೆಗೆಯುವುದೆಂದರೆ ಮೀನಿಗೆ ಅಂಗಿ ತೊಡಿಸಿದ ಹಾಗೆ. ಸೊಸೆ ಕಂಡುಕೊಂಡ ದಾರಿ ಎಂದರೆ ಟೇಪಿನ ಒಂದು ತುದಿಯನ್ನು ಮಗುವಿನ ಕೈಗೇ ಕೊಡುವುದು. "ನೀನು ಗಟ್ಟಿಯಾಗಿ ಹಿಡ್ಕೋ, ಬಿಟ್ರೆ ಅಂಗಿ ನಿಮ್ಮಪ್ಪನ ಸೈಜಿಗೆ ಆಗ್ಬಿಡುತ್ತೆ." ಮಗು ಜವಾಬ್ದಾರಿ ಹೊತ್ತವರಂತೆ ನೆಟ್ಟಗೆ ನಿಲ್ಲುತ್ತಿತ್ತು.

ಒಂದು ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ಹೊಸ ಅಂಗಿ ಬೇಡ, ಹಳೆಯದರ ಗುಂಡಿ ಬದಲಿಸಿದರೆ ಸಾಕು ಎಂದಳು. "ಹೋದ ವರ್ಷದ್ದೇ ಅಳತೆಗೆ ಸರಿಹೋಗ್ತಿದೆ ನೋಡಿ, ನನ್ನ ಪುಣ್ಯ" ಎಂದು ನಕ್ಕಳು. ಅತ್ತೆಯೂ ನಕ್ಕರು. ಸೊಸೆಗೆ ನಗು ಬರಲಿಲ್ಲ. ಗುಂಡಿ ಹೊಲಿದು ಕೊಟ್ಟಳು. ತಾಯಿ ಮಗ ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತಳು. ಆ ವಯಸ್ಸಿನ ಮಗುವಿಗೆ ಹೋದ ವರ್ಷದ ಅಂಗಿ ಯಾಕೆ ಸರಿಹೋಗಬೇಕು? ಆ ಪ್ರಶ್ನೆ ಬಟ್ಟೆಯೊಳಗೆ ಮುರಿದುಳಿದ ಸೂಜಿಯ ತುದಿಯಂತೆ ಚುಚ್ಚುತ್ತಲೇ ಇತ್ತು. ತಾಯಿಯ ಮನೆ ಹುಡುಕಿಕೊಂಡು ಹೋಗಿ, ಒಂದು ಸಲ ಆಸ್ಪತ್ರೆಗೆ ತೋರಿಸಿ ಎಂದು ಹೇಳಿ ಬಂದಳು. ತೋರಿಸಿದರು. ಊಟದ ಸತ್ವ ಮೈಗೆ ಹತ್ತದ ಕಾಯಿಲೆ ಅದು. ಪಥ್ಯ, ಔಷಧಿ ನಡೆದವು. ಮರುವರ್ಷ ಹುಡುಗ ಹೊಸ ಅಂಗಿಯ ಅಳತೆಗೆ ಬಂದ.

ಅತ್ತೆ ಅಂದು ಆಡಿದ ಮಾತನ್ನು ಡಾಕ್ಟರು ಇಂದಿಗೂ ಅವರದೇ ದನಿಯಲ್ಲಿ ಹೇಳುತ್ತಾರೆ. "ಅಳತೆ ತಪ್ಪಿದ್ದು ನಿನಗೆ ಗೊತ್ತಾಯ್ತು. ಯಾಕೆ ತಪ್ಪಿತು ಅಂತ ಗೊತ್ತಾಗ್ಲಿಲ್ಲ. ಅದು ತಿಳೀಬೇಕು ಅಂದ್ರೆ ಓದ್ಬೇಕು ಕಣೇ. ಹೋಗಿ ಓದು. ಗುಂಡಿ ತೂರೋ ಕಾಜಾ ಹಾಕೋಕೆ ನಾನಿದ್ದೀನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಬಿಟ್ಟ ಪಾಠಗಳನ್ನು ಮತ್ತೆ ಹಿಡಿದು, ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು, ನಡುವೆ ಮಗಳನ್ನು ಹೆತ್ತು, ಡಾಕ್ಟರಾಗುವ ಹೊತ್ತಿಗೆ ಮೂವತ್ತೈದು ದಾಟಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು, ನೆಂಟರೆಲ್ಲ ಅದನ್ನೇ ಹೇಳಿದರು. ಇವರಿಗೆ ಮಕ್ಕಳ ವೈದ್ಯರೇ ಆಗಬೇಕಿತ್ತು. ಮತ್ತೆ ಓದು. ಮಗಳು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾಳೆ. ಅಮ್ಮ ಮಗಳು ಒಂದೇ ಮೇಜಿನ ಎದುರುಬದುರು ಕೂತು ಓದುತ್ತಾರೆ. "ಅಮ್ಮಾ, ನನ್ನ ಕ್ಲಾಸಲ್ಲಿ ಎಲ್ಲರ ಅಮ್ಮಂದಿರದೂ ಸ್ಕೂಲು ಮುಗಿದಿದೆ, ನಿನ್ನದು ಯಾವಾಗ?" ಎಂದು ಮಗಳು ರೇಗಿಸುತ್ತಾಳೆ. ಯಂತ್ರ ತುಳಿಯುತ್ತಾ ಅತ್ತೆ ಅಲ್ಲಿಂದಲೇ ಕೂಗುತ್ತಾರೆ: "ಸುಮ್ನಿರೇ, ಅವಳು ಫೇಲಾದ್ರೂ ನಷ್ಟ ಇಲ್ಲ. ಕಾಜಾಕ್ಕೆ ಜನ ಬೇಕೇ ಬೇಕು."

ಈ ವಾರ್ಡಿನಲ್ಲಿ ಯಾರೂ ಬಳಸದ ಒಂದು ಪದವಿದೆ. ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪದ: ಜಾಣ, ಜಾಣೆ. ಅಳಬಾರದು, ಜಾಣಮರಿ ಅಲ್ವಾ? ಎಷ್ಟು ಜಾಣೆ ನೋಡು, ಒಂಚೂರೂ ಅಳಲ್ಲ. ಹೊಸದಾಗಿ ಬಂದ ನರ್ಸು ಬಾಯಿತಪ್ಪಿ ಹಾಗೆಂದರೆ ಹಿರಿಯ ಸಿಸ್ಟರು ಕಣ್ಣಲ್ಲೇ ತಡೆಯುತ್ತಾರೆ.

ಇದರ ಹಿಂದೆ ಒಂದು ಬೆಳಗಿನ ಕಥೆ ಇದೆ. ಡಾಕ್ಟರು ತರಬೇತಿಗೆ ಸೇರಿದ ಎರಡನೆಯ ವರ್ಷ. ಹೊರಗಡೆ ಜ್ವರ ಹಬ್ಬಿದ್ದ ಕಾಲ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಎಪ್ಪತ್ತು ಎಂಬತ್ತು ಮಕ್ಕಳು, ಅಷ್ಟೂ ಅಳು. ಆ ಗದ್ದಲದಲ್ಲಿ ಒಬ್ಬ ಎಳೆಯ ತಂದೆ ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಬಂದ. ಕೂಸು ಸದ್ದಿಲ್ಲದೆ ಹೆಗಲಿಗೆ ಕೆನ್ನೆಯಿಟ್ಟು ಮಲಗಿತ್ತು. ಕಿರುಚುವ ಮಕ್ಕಳ ನಡುವೆ ಸಾಕಾಗಿದ್ದ ಇವರಿಗೆ ಅದನ್ನು ನೋಡಿ ಮನಸ್ಸು ತಂಪಾಯಿತು. "ಎಂಥ ಜಾಣೆ! ಸ್ವಲ್ಪ ಕೂತಿರಿ, ಇವರನ್ನೆಲ್ಲ ಕಳಿಸಿ ನೋಡ್ತೀನಿ" ಎಂದರು. ತಂದೆ ಬೆಂಚಿನ ತುದಿಯಲ್ಲಿ ಕೂತ.

ಔಷಧಿಯ ತಟ್ಟೆ ಹಿಡಿದು ಅತ್ತ ಹಾದುಹೋಗುತ್ತಿದ್ದ ಹಿರಿಯ ಸಿಸ್ಟರು ಆ ಕೂಸಿನ ಕೈ ಜೋತುಬಿದ್ದಿದ್ದನ್ನು ನೋಡಿದರು. ತಟ್ಟೆ ಅಲ್ಲೇ ಬಿತ್ತು. ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ ಅದಕ್ಕೆ. ಅನೇಕ ದಿನ ಆಕ್ಸಿಜನ್ನಿನ ಕೊಳವೆ ಹಾಕಿಸಿಕೊಂಡು ಮಲಗಿದ್ದು, ದೇವರ ದಯೆ, ಬದುಕಿ ಮನೆಗೆ ಹೋಯಿತು. ಹೋಗುವ ದಿನ ತಂದೆ ಇವರ ಬಳಿ ಬಂದು ಕೈಮುಗಿದ. ಅವನ ಮಾತಿನಲ್ಲಿ ಒಂದಿಷ್ಟೂ ದೂರಿರಲಿಲ್ಲ. "ಅವತ್ತು ನೀವು ಜಾಣೆ ಅಂದ್ರಲ್ಲ ಮೇಡಂ, ಅದಕ್ಕೇ ನನಗೆ ಧೈರ್ಯ ಬಂತು. ಇಲ್ದಿದ್ರೆ ಗಾಬರಿಯಾಗಿ ಗಲಾಟೆ ಮಾಡ್ಬಿಡ್ತಿದ್ದೆ."

"ಅವನು ಬೈದಿದ್ರೆ ಮರೀಬಹುದಿತ್ತೇನೋ" ಎನ್ನುತ್ತಾರೆ ಡಾಕ್ಟರು. "ಹೋದ ವರ್ಷದ ಅಂಗಿ ಸರಿಹೋದ್ರೆ ಹೆದರ್ಬೇಕು ಅಂತ ತಿಳ್ಕೊಂಡಿದ್ದವಳು, ಮಗು ಸುಮ್ಮನಿದ್ರೆ ಹೆದರ್ಬೇಕು ಅನ್ನೋದನ್ನ ಮರೆತೆ" ಎನ್ನುತ್ತಾರೆ. ಅಂದಿನಿಂದ ಬೆಳಗ್ಗೆ ವಾರ್ಡಿಗೆ ಬಂದರೆ ಮೊದಲ ಹೆಜ್ಜೆ ಅಳದ ಮಗುವಿನ ಕಡೆಗೆ.

ಎಲ್ಲ ಮಕ್ಕಳೂ ಮನೆಗೆ ಹೋಗುವುದಿಲ್ಲ. ಕೊಟ್ಟವನೇ ಕರೆದುಕೊಳ್ಳುವ ದಿನಗಳು ಈ ಕೋಣೆಗೂ ಬರುತ್ತವೆ. ಆ ದಿನ ಮಂಚದ ಹೊದಿಕೆ ಬದಲಿಸಲು ಬಂದವರನ್ನು ಡಾಕ್ಟರು ಕೈಸನ್ನೆಯಿಂದ ನಿಲ್ಲಿಸುತ್ತಾರೆ. ದಿಂಬಿನಲ್ಲಿ ಪುಟ್ಟ ತಲೆಯ ಗುಳಿ ಇನ್ನೂ ಹಾಗೇ ಇರುತ್ತದೆ. ತಾಯಿ ಅದನ್ನೇ ನೋಡುತ್ತಿರುತ್ತಾಳೆ. ಇವರು ಅವಳ ಪಕ್ಕ ನೆಲದ ಮೇಲೆ ಕೂರುತ್ತಾರೆ, ಏನೂ ಹೇಳುವುದಿಲ್ಲ. "ಸಮಾಧಾನ ಹೇಳೋ ಮಾತೆಲ್ಲ ಹೇಳಿದವರಿಗೇ ಸಮಾಧಾನ. ಆ ಅಮ್ಮ ತಾನಾಗಿ ಏನಾದ್ರೂ ಕೇಳ್ತಾಳೆ. ಒಬ್ಬಳು, ಅವನ ಚಪ್ಪಲಿ ಎಲ್ಲಿಟ್ಟಿದ್ದೀರಿ ಅಂತ ಕೇಳಿದ್ಲು. ಹುಡುಕಿ ತಂದುಕೊಟ್ಟೆ. ಅಷ್ಟಕ್ಕೆ ಕಾಯ್ಬೇಕು." ಬದುಕಿರುವವರಿಗೆ ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರುವುದು ಎಷ್ಟು ದೊಡ್ಡದೆಂದು ಕಂಡವರೇ ಬಲ್ಲರು.

ಅಳುವ ಮಗು, ಅಳದ ಮಗು ಇಬ್ಬರನ್ನೂ ಅರಿತವರು ಪರೀಕ್ಷೆಯಲ್ಲಿ ಯಾಕೆ ಸೋತರು? ಮೊದಲ ಸಲ, ಹಳೆಯ ಅಭ್ಯಾಸ. ಪರೀಕ್ಷೆಗೆ ಕೊಟ್ಟ ಮಗು ರಚ್ಚೆ ಹಿಡಿದಿತ್ತು. ಇವರು ನೆಲದ ಮೇಲೆ ಕೂತು ಅಳು ನಿಲ್ಲಲೆಂದು ಕಾದರು. ಅಳು ನಿಲ್ಲುವ ಮುಂಚೆ ಹೊತ್ತು ಮುಗಿಯಿತು. ಎರಡನೆಯ ಸಲ ಆ ಭಯಕ್ಕೆ ಮಗುವನ್ನು ಅವಸರದಿಂದ ಹಿಡಿದು ಎದೆಗೆ ಬಿಲ್ಲೆ ಒತ್ತಿದರು. ಅದು ಕಿರುಚಿದ ರಭಸಕ್ಕೆ ಕಿವಿಯಲ್ಲಿ ಕಿರುಚಾಟ ಬಿಟ್ಟು ಏನೂ ಕೇಳಲಿಲ್ಲ. ಏನು ಕೇಳಿಸಿತು ಎಂದು ಪರೀಕ್ಷಕರು ಕೇಳಿದಾಗ, ಊಹೆಯಿಂದ ಹೇಳಿ ದಾಟಿಕೊಳ್ಳಬಹುದಾಗಿತ್ತು. "ನನಗೆ ಏನೂ ಕೇಳಿಸಲಿಲ್ಲ" ಎಂದರು.

ಈ ಸಂಗತಿಯನ್ನು ವಿಭಾಗದ ಹಿರಿಯರಾದ ದೊಡ್ಡ ಡಾಕ್ಟರು ಬೇರೆಯವರಿಂದ ಕೇಳಿ ತಿಳಿದರು. ಬಿಗಿ ಮುಖದ ಮನುಷ್ಯ; ಹೊಗಳಿದ್ದನ್ನು ಕೇಳಿದವರಿಲ್ಲ. ಇವರನ್ನು ತಮ್ಮ ಕೋಣೆಗೆ ಕರೆಸಿಕೊಂಡರು.

"ಕೇಳಿಸಿಲ್ಲ ಅಂತ ಹೇಳಿದ್ಯಂತೆ?"

"ಹೌದು ಸಾರ್."

"ಅದೊಂದು ಮಾತು ಸರಿ ಹೇಳಿದೀಯ. ಮಿಕ್ಕಿದ್ದೆಲ್ಲ ತಪ್ಪು. ಉಸಿರು ಸಿಕ್ಕದೆ ಒದ್ದಾಡೋ ಮಗು ಬರುತ್ತೆ ಅಂದ್ಕೋ. ಅದರ ಮುಂದೆ ಕೂತು ಟೇಪಿನ ತುದಿ ಹಿಡ್ಕೋ ಮರಿ ಅಂತೀಯಾ? ಇದು ನಿಮ್ಮತ್ತೆ ಅಂಗಡಿ ಅಲ್ಲಮ್ಮ."

"ಹಾಗಂತ ಅಳ್ತಿರೋ ಮಗು ಎದೆ ಕೇಳೋದು ಹೇಗೆ ಸಾರ್? ಬರೀ ಕಿರುಚಾಟ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಳೋದಕ್ಕೆ ಗಾಳಿ ಬೇಡ್ವಾ? ಎಷ್ಟೇ ಕಿರುಚ್ಲಿ, ಮುಂದಿನ ಕೂಗಿಗೆ ಮುಂಚೆ ಅದು ಉಸಿರು ಎಳ್ಕೊಳ್ಳಲೇಬೇಕು. ಸುಮ್ಮನೆ ಇರೋ ಮಗು ಎಳ್ಕೊಳ್ಳೋದಕ್ಕಿಂತ ಆಳವಾಗಿ ಎಳ್ಕೊಳ್ಳುತ್ತೆ. ಆ ಗಳಿಗೆಗೆ ಕಿವಿ ಕೊಡು. ನೀನು ಅಳು ನಿಲ್ಲಲಿ ಅಂತ ಕಾಯ್ತಾ ಇದೀಯ. ಉಸಿರಿಗೆ ಕಾಯಿ."

ಅಂದಿನಿಂದ ಹತ್ತಾರು ತಿಂಗಳು ಇವರು ಮಾಡಿದ್ದು ಅದೊಂದೇ ಸಾಧನೆ. ಮೊದಮೊದಲು ಕೂಗು ಕಿವಿಗೆ ಬಡಿದು ತಲೆ ಗಿಂ ಎನ್ನುತ್ತಿತ್ತು. ಕೂಗಿನ ಹಿಂದೆ ಬರುವ ಆ ಸಣ್ಣ ಸಂದು ಸಿಕ್ಕಿದಂತಾಗಿ ಜಾರುತ್ತಿತ್ತು. ಬಸ್ಸಿನಲ್ಲಿ ಯಾರದೋ ಮಗು ಅತ್ತರೂ ಇವರು ಕಣ್ಣುಮುಚ್ಚಿ ಅದರ ಉಸಿರಿಗೆ ಕಿವಿಗೊಡುತ್ತಿದ್ದರು. ಎದುರಿನ ಸೀಟಿನವರು, "ಪಾಪ, ತಲೆನೋವೇನೋ" ಎಂದುಕೊಂಡು ಮಗುವಿನ ತಾಯಿಯನ್ನು ಗದರಿದ್ದೂ ಉಂಟು. ಆಮೇಲಾಮೇಲೆ ಕಿವಿ ಪಳಗಿತು. ಅಳು ದೂರದ ಬೀದಿಯ ಸದ್ದಾಯಿತು, ಉಸಿರು ಹತ್ತಿರವಾಯಿತು. ಮಕ್ಕಳ ಎದುರು ನೆಲದ ಮೇಲೆ ಕೂರುವುದನ್ನು ಬಿಡಲಿಲ್ಲ, ಬೆಚ್ಚಗಿನ ಬಿಲ್ಲೆಯನ್ನೂ ಬಿಡಲಿಲ್ಲ. ಕಾಯುವುದನ್ನೂ ಬಿಡಲಿಲ್ಲ, ಆದರೆ ಆ ಕಾಯುವಿಕೆ ಒಂದು ಉಸಿರಿನಷ್ಟು ಚಿಕ್ಕದಾಯಿತು.

ಪರೀಕ್ಷೆಯ ದಿನ ಬರುತ್ತದೆ. ಬೇರೆ ಆಸ್ಪತ್ರೆ, ಗುರುತಿಲ್ಲದ ಕೋಣೆ, ಗೋಡೆಯ ಮೇಲೆ ದೊಡ್ಡ ಗಡಿಯಾರ. ಮೇಜಿನ ಆಚೆ ಇಬ್ಬರು ಪರೀಕ್ಷಕರು. ನಾಲ್ಕು ವರ್ಷದ ಒಂದು ಹುಡುಗಿಯನ್ನು ಅವಳ ಅಜ್ಜಿ ಎತ್ತಿಕೊಂಡು ಬರುತ್ತಾರೆ. ಬಿಳಿ ಕೋಟು ಕಂಡದ್ದೇ ತಡ, ಹುಡುಗಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು ಕೋಣೆಯ ಸೂರು ಹಾರಿಹೋಗುವಂತೆ ಚೀರುತ್ತಾಳೆ.

"ಅಯ್ಯೋ, ಇವಳು ಹೀಗೇನೇ, ಯಾರಿಗೂ ಬಗ್ಗಲ್ಲ" ಎಂದು ಅಜ್ಜಿ ಕಂಗಾಲಾಗುತ್ತಾರೆ. "ಸುಮ್ಮನಿರೇ, ಜಾಣೆ ಅಲ್ವಾ ನೀನು?"

"ಅಳ್ಲಿ ಬಿಡಿ ಅಮ್ಮ, ತಡೀಬೇಡಿ" ಎಂದು ಡಾಕ್ಟರು ಮಂಡಿಯೂರುತ್ತಾರೆ. "ಹಾಗೇ ಹೆಗಲ ಮೇಲೇ ಇರ್ಲಿ. ನೀವು ಈ ಕುರ್ಚಿಯಲ್ಲಿ ಕೂತ್ಕೊಳ್ಳಿ, ಅವಳ ಬೆನ್ನು ನನ್ನ ಕಡೆಗೆ ಮಾಡಿ, ಸಾಕು."

ಗಡಿಯಾರದ ಮುಳ್ಳು ಕಣ್ಣಿಗೆ ಬೀಳುತ್ತದೆ. ಹಳೆಯ ಎರಡು ಸೋಲೂ ಎದೆಯಲ್ಲಿ ಒಮ್ಮೆ ಹೊರಳುತ್ತವೆ. ಮುಷ್ಟಿಯಲ್ಲಿದ್ದ ಬಿಲ್ಲೆ ಬೆಚ್ಚಗಾಗಿದೆ. ಅದನ್ನು ಹುಡುಗಿಯ ಬೆನ್ನಿಗೆ ತಾಗಿಸಿ ಕಣ್ಣು ಮುಚ್ಚುತ್ತಾರೆ. ಚೀರು. ಉಸಿರು. ಚೀರು. ಉಸಿರು. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಗಾಳಿ ಸಲೀಸಾಗಿ ಹೋಗುತ್ತಿದೆ. ಎಡಗಡೆ ಮೇಲೆ ಸರಿ. ಎಡಗಡೆ ಕೆಳಗೆ, ಒಂದು ಉಸಿರಿನ ತುದಿಯಲ್ಲಿ ಏನೋ ಸಿಕ್ಕಿದಂತಾಗುತ್ತದೆ. ಕೈ ಸರಿಸದೆ ಮುಂದಿನ ಉಸಿರಿಗೆ ಕಾಯುತ್ತಾರೆ. ಬರುತ್ತದೆ. ಗಂಜಿ ಹಾಕಿದ ಹೊಸ ಬಟ್ಟೆಯ ಮಡಿಕೆ ಬಿಚ್ಚಿದಾಗ ಬರುವ ಚಿಟಿಚಿಟಿ ಸದ್ದು. ಎಷ್ಟೋ ವರ್ಷ ಅಂಗಡಿಯಲ್ಲಿ ಕೇಳಿದ ಸದ್ದದು, ಮಗುವಿನ ಎದೆಯಲ್ಲಿ ಇರಬಾರದ ಸದ್ದು. ಹುಡುಗಿ ಮತ್ತೆ ಬಾಯಿ ತೆರೆದು ಚೀರುವಾಗ ಗಂಟಲನ್ನೂ ನೋಡಿಬಿಡುತ್ತಾರೆ. ತೆರೆಸುವ ಕಷ್ಟವೇ ಇಲ್ಲ.

ಹೊತ್ತು ಮುಗಿಯುವ ಮುಂಚೆಯೇ ಎದ್ದು ನಿಲ್ಲುತ್ತಾರೆ. ಎಡಗಡೆಯ ಶ್ವಾಸಕೋಶದ ಕೆಳಭಾಗದಲ್ಲಿ ಸೋಂಕು ಎನ್ನುತ್ತಾರೆ. ಹೇಗೆ ಗೊತ್ತಾಯಿತು, ಮಗು ಇಡೀ ಹೊತ್ತು ಅಳುತ್ತಲೇ ಇತ್ತಲ್ಲ ಎಂದು ಒಬ್ಬ ಪರೀಕ್ಷಕರು ಕೇಳುತ್ತಾರೆ.

"ಅಳೋ ಮಗುನೂ ಉಸಿರು ಎಳ್ಕೊಳ್ಳಲೇಬೇಕಲ್ಲ ಸಾರ್. ನಮ್ಮ ದೊಡ್ಡ ಡಾಕ್ಟರು ಕಲಿಸಿದ್ದು."

"ಸರಿ. ಈ ಮಗುವಿನ ವಿಚಾರದಲ್ಲಿ ನಿಮಗೆ ಯಾವುದರ ಭಯ ಹೆಚ್ಚು?"

"ಸದ್ಯಕ್ಕೆ ಅಳ್ತಾ ಇದಾಳೆ, ಭಯ ಇಲ್ಲ. ವಾರ್ಡಿಗೆ ಹೋದ ಮೇಲೆ ಕಾರಣ ಇಲ್ಲದೆ ಸುಮ್ಮನಾದ್ರೆ, ತಕ್ಷಣ ಡಾಕ್ಟರನ್ನ ಕರೀಬೇಕು ಅಂತ ಅಜ್ಜಿಗೂ ನರ್ಸಿಗೂ ಹೇಳ್ಬಿಟ್ಟು ಹೋಗ್ತೀನಿ."

ಪರೀಕ್ಷಕರು ನಗುವುದಿಲ್ಲ, ತಲೆಯಾಡಿಸುವುದೂ ಇಲ್ಲ. ಹೋಗಬಹುದು ಎನ್ನುತ್ತಾರೆ. ಹೋಗುವ ಮುನ್ನ ಇವರು ನಿಜವಾಗಿಯೂ ಅಜ್ಜಿಯ ಕಡೆ ತಿರುಗಿ ಆ ಮಾತನ್ನು ಎರಡು ಸಲ ಹೇಳಿ, ಅವರ ಬಾಯಿಂದಲೂ ಒಂದು ಸಲ ಹೇಳಿಸುತ್ತಾರೆ.

ಫಲಿತಾಂಶ ಬಂದ ಮಧ್ಯಾಹ್ನ ಡಾಕ್ಟರು ಅಂಗಡಿಯಲ್ಲಿ ಅತ್ತೆಯ ಪಕ್ಕ ಕೂತು, ಶಾಲೆ ಶುರುವಾಗುವ ಗಡಿಬಿಡಿಗೆ ನೆರವಾಗಲು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಾರೆ. ಫೋನು ಬರುತ್ತದೆ. ಎತ್ತಿ ಕಿವಿಗಿಟ್ಟುಕೊಂಡು ಹ್ಞೂಂ ಸಾರ್, ಹ್ಞೂಂ ಸಾರ್ ಎಂದು ಕೆಳಗಿಡುತ್ತಾರೆ. ಸೂಜಿ ಬೆರಳಲ್ಲಿ ಹಾಗೇ ನಿಂತಿದೆ. ಮಾತಿಲ್ಲ, ಕಣ್ಣು ಮಿಟುಕಿಸುವುದೂ ಇಲ್ಲ.

"ಏನಂತೆ?" ಎನ್ನುತ್ತಾರೆ ಅತ್ತೆ. ಉತ್ತರವಿಲ್ಲ. ಯಂತ್ರ ನಿಲ್ಲುತ್ತದೆ. "ಏನೇ ಅದು, ಯಾರು ಫೋನು? ಪಾಸೋ ಫೇಲೋ, ಏನಾದ್ರೂ ಒದರು!" ಆಗಲೂ ಇಲ್ಲ. ಅತ್ತೆಗೆ ಈಗ ನಿಜವಾಗಿ ಗಾಬರಿ. ಸೊಸೆಯ ಎರಡೂ ಭುಜ ಹಿಡಿದು ಅಲುಗಾಡಿಸುತ್ತಾರೆ. "ಲೇ, ಸದ್ದಿಲ್ದೆ ಕೂತ್ರೆ ಹೆದರ್ಬೇಕು ಅಂತ ನೀನೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲೇ! ನನ್ನ ಪ್ರಾಣ ತೆಗೀಬೇಡ, ಅಳು, ಏನಾದ್ರೂ ಮಾಡು!"

ಸೊಸೆ ಒಂದು ಉದ್ದನೆಯ ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ಗೊಳೋ ಎಂದು ಅಳುತ್ತಾರೆ.

"ಸದ್ಯ!" ಎಂದು ಅತ್ತೆ ಕುರ್ಚಿಗೆ ಒರಗುತ್ತಾರೆ. "ಅಳು ಬಂತಲ್ಲ, ಇನ್ನು ಯೋಚನೆ ಇಲ್ಲ. ಪಾಸ್ ತಾನೇ?" ಸೊಸೆ ಅಳುತ್ತಲೇ ತಲೆಯಾಡಿಸುತ್ತಾರೆ. ಅತ್ತೆ ಸೆರಗಿನಿಂದ ಮೊದಲು ತಮ್ಮ ಕಣ್ಣು, ಆಮೇಲೆ ಸೊಸೆಯ ಕಣ್ಣು ಒರೆಸುತ್ತಾರೆ. "ಹೋಗ್ಲಿ ಬಿಡು, ಕಾಜಾ ಹಾಕೋಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಈ ಆಸ್ಪತ್ರೆಯಲ್ಲಿ ತಜ್ಞರಿಗೆ ಒಳಗಡೆ ಬೇರೆ ಕೋಣೆಗಳಿವೆ. ಬಾಗಿಲಿಗೆ ಪರದೆ, ಮುಂದೆ ಹೆಸರಿನ ಹಲಗೆ, ಒಂದೊಂದೇ ಮಗುವನ್ನು ಕರೆಯಲು ಗಂಟೆ. ಇವರಿಗೂ ಒಂದು ಕೋಣೆ ನಿಗದಿಯಾಗಿದೆ. ಇವರು ದೊಡ್ಡ ಡಾಕ್ಟರ ಬಳಿ ಹೋಗಿ, ಆ ಕೋಣೆ ಬೇಡ, ತಮ್ಮ ಮೇಜನ್ನು ಹೊರಗೆ, ಜನ ಒಳಬರುವ ದೊಡ್ಡ ಬಾಗಿಲ ಪಕ್ಕ ಹಾಕಿಸಿಕೊಡಿ ಎಂದು ಕೇಳಿದ್ದಾರೆ. ಗಾಳಿ, ಧೂಳು, ಗದ್ದಲ ಎಲ್ಲ ಮೊದಲು ನುಗ್ಗುವ ಜಾಗ ಅದು.

"ಅಲ್ಲಿ ನಿನಗೆ ಏನು ಕೇಳುತ್ತೆ? ಸಂತೆ ಥರ ಇರುತ್ತೆ" ಎಂದು ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. ಮಾರನೆಯ ಬೆಳಗ್ಗೆ ಬಂದು ನೋಡಿದರೆ ಮೇಜು ಬಾಗಿಲ ಪಕ್ಕದಲ್ಲಿತ್ತು. ಜೊತೆಗೆ, ಯಾರೂ ಕೇಳದಿದ್ದರೂ, ಮಕ್ಕಳ ಎತ್ತರದ ಒಂದು ಗಿಡ್ಡ ಸ್ಟೂಲೂ ಇತ್ತು. ಇಟ್ಟವರು ಯಾರೆಂದು ವಿಚಾರಿಸಿದರೆ ಯಾರೂ ಬಾಯಿ ಬಿಡಲಿಲ್ಲ.

ಈಗ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಅಳುವಿನ ಹೊಳೆ ಒಳಗೆ ಹರಿಯುತ್ತದೆ. ಕಾಯೋ ಡಾಕ್ಟ್ರು ಗಿಡ್ಡ ಸ್ಟೂಲಿನ ಮೇಲೆ, ಮುಷ್ಟಿಯಲ್ಲಿ ಬಿಲ್ಲೆ ಹಿಡಿದು ಕೂತಿರುತ್ತಾರೆ. ಕಣ್ಣು ಒಂದೊಂದೇ ಹೆಗಲಿನ ಮೇಲೆ, ಒಂದೊಂದೇ ಮಡಿಲಿನ ಮೇಲೆ ಹಾದುಹೋಗುತ್ತದೆ. ಇಷ್ಟು ಓದಿ ಇಲ್ಲಿ ಬಂದು ಕೂತಿದ್ದೀರಲ್ಲ ಎಂದು ಕೇಳಿದರೆ, ಕಣ್ಣನ್ನು ಆ ಜನದ ಮೇಲಿಂದ ತೆಗೆಯದೆಯೇ ಉತ್ತರಿಸುತ್ತಾರೆ.

"ಅಳೋ ಮಕ್ಕಳು ನಾನು ಎಲ್ಲಿ ಕೂತ್ರೂ ನನ್ನನ್ನ ಹುಡುಕ್ಕೊಂಡು ಬರ್ತಾರೆ. ಅಳದೆ ಇರೋ ಮಕ್ಕಳನ್ನ ನಾನೇ ಹುಡುಕ್ಬೇಕು. ಇಲ್ಲಿಂದ ಕಾಣ್ತಾರೆ."